ಅವ್ವನ ಗುಳಿಗೆ, ಕಾಕಾನ ಗುಳಿಗೆ: ಎರಡೂ ಒಂದೇನಾ?

ಪ್ರಶ್ನೆ (ಬೆಟಗೇರಿಯಿಂದ):
ನಮಸ್ಕಾರ ಮೇಡಂ. ನಮ್ಮ ಅವ್ವನಿಗೆ ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟೇ ಬಿಟ್ಟಿದ್ದಾಳೆ. ಮೊದಲಿನ ಔಷಧ ಮೆಥೋಟ್ರೆಕ್ಸೇಟ್ ಸಾಲುತ್ತಿಲ್ಲ ಅಂತ ಡಾಕ್ಟ್ರು ಈಗ ಟೋಫಾಸಿಟಿನಿಬ್ ಬರೆದಿದ್ದಾರೆ. ನಮ್ಮ ಕಾಕಾನಿಗೆ ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್, ಅವರು ಇಮ್ಯಾಟಿನಿಬ್ ತಗೊಳ್ತಾರೆ. ಔಷಧ ಅಂಗಡಿಯವರು ಎರಡೂ ಚೀಟಿ ನೋಡಿ ‘ಎರಡೂ ಕೈನೇಸ್ ಇನ್‌ಹಿಬಿಟರ್’ ಅಂದರು. ಅವತ್ತಿನಿಂದ ಅವ್ವ ‘ನನಗೂ ಕ್ಯಾನ್ಸರ್ ಆಗಿದೆ, ನೀವು ಮುಚ್ಚಿಡುತ್ತಿದ್ದೀರಿ’ ಅಂತ ಅಳುತ್ತಾಳೆ. ಗುಳಿಗೆ ಮುಟ್ಟಿಲ್ಲ. ಎರಡೂ ಒಂದೇ ಆದರೆ ಕಾಕಾನ ಹತ್ತಿರ ಉಳಿದಿರುವ ಗುಳಿಗೆ ಅವ್ವನಿಗೆ ಕೊಡಬಹುದಾ?

ಉತ್ತರ (ಹುಬ್ಬಳ್ಳಿಯ ಫಾರ್ಮಸಿಸ್ಟ್):
ಕೊಡಬೇಡಿ ರೀ. ಮೊದಲು ಅವ್ವನ ಪಕ್ಕ ಕೂತು ಹೇಳಿ, ಟೋಫಾಸಿಟಿನಿಬ್ ಸಂಧಿವಾತಕ್ಕೇ ಬಂದ ಔಷಧ. 2012ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದೂ ಸಂಧಿವಾತಕ್ಕೇ. ಈ ಚೀಟಿ ನೋಡಿ ಕ್ಯಾನ್ಸರ್ ಇದೆ ಅಂತ ತಿಳಿಯಬೇಕಿಲ್ಲ.

ಹಾಗಾದರೆ ಹೆಸರು ಯಾಕೆ ಒಂದೇ? ನಮ್ಮ ಊರುಗಳಲ್ಲಿ ನಳದ ನೀರು ಬರುವ ದಿನ ವಾಲ್ವ್‌ಮನ್ ಬಂದು ಓಣಿಯ ವಾಲ್ವ್ ತಿರುಗಿಸುತ್ತಾನೆ ಅಲ್ವಾ? ಜೀವಕೋಶದಲ್ಲಿ ಅಂಥ ವಾಲ್ವ್‌ಗಳು ಅಂದರೆ ಕೈನೇಸ್‌ಗಳು. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅನ್ನುವ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನಿಗೆ ಅಂಟಿಸುತ್ತವೆ. ಅಂಟಿದ ಕೂಡಲೇ ಎಷ್ಟೋ ಸಲ ಆ ಪ್ರೋಟೀನ್ ಕೆಲಸಕ್ಕೆ ಇಳಿಯುತ್ತದೆ. ನಮ್ಮ ದೇಹದಲ್ಲಿ ಇಂಥವು 500ಕ್ಕೂ ಜಾಸ್ತಿ. ಈ ಎರಡೂ ಔಷಧ ಎಟಿಪಿ ಕೂರುವ ಜಾಗದಲ್ಲಿ ತಾವೇ ಹೋಗಿ ಕೂತು ವಾಲ್ವ್ ತಿರುಗದಂತೆ ಮಾಡುತ್ತವೆ. ಅಂಗಡಿಯವರು ಹೇಳಿದ್ದು ಇಷ್ಟೇ ಅರ್ಥದಲ್ಲಿ ಸರಿ. ಆದರೆ ಅವ್ವನ ವಾಲ್ವ್ ಬೇರೆ, ಕಾಕಾನ ವಾಲ್ವ್ ಬೇರೆ.

ಕಾಕಾನದು ಕೆಟ್ಟ ವಾಲ್ವ್. 9ನೇ ಮತ್ತು 22ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ ಕೂಡಿಕೊಂಡಾಗ ಬಿಸಿಆರ್-ಎಬಿಎಲ್ ಅನ್ನುವ ಕೈನೇಸ್ ಹುಟ್ಟುತ್ತದೆ. ಅದು ಬಂದ್ ಆಗುವುದೇ ಇಲ್ಲ, ಬಿಳಿ ರಕ್ತಕಣ ಹುಟ್ಟುತ್ತಲೇ ಇರುತ್ತವೆ. ಇಮ್ಯಾಟಿನಿಬ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಆ ಕೆಟ್ಟ ವಾಲ್ವ್ ಇರುವುದು ರೋಗದ ಕಣಗಳಲ್ಲಿ ಮಾತ್ರ. ಹಾಗಾಗಿಯೇ 2001ರಲ್ಲಿ ಈ ಔಷಧ ಬಂದ ಮೇಲೆ ಸಿಎಂಎಲ್ ಇದ್ದವರು ಬಿಪಿ, ಸಕ್ಕರೆ ಕಾಯಿಲೆಯವರ ಹಾಗೆ ದಿನಾ ಗುಳಿಗೆ ನುಂಗಿ ಹೊಲಕ್ಕೆ ಹೋಗಿ ಬರುವಂತಾಯಿತು. ನನಗೆ ಈ ಕೆಲಸದಲ್ಲಿ ಅತಿ ಖುಷಿ ಕೊಟ್ಟ ಔಷಧ ಇದು.

ಅವ್ವನದು ಒಳ್ಳೆಯ ವಾಲ್ವ್. ಹೆಸರು ಜಾಕ್. ರೋಗನಿರೋಧಕ ಕಣಗಳಿಗೆ ‘ಏಳಿ, ಜಗಳಕ್ಕೆ ಬನ್ನಿ’ ಅನ್ನುವ ಸುದ್ದಿ ಇದರ ಮೂಲಕ ಹೋಗುತ್ತದೆ. ಸಂಧಿವಾತದಲ್ಲಿ ಆ ಸುದ್ದಿ ಸುಮ್ನೆ ಹೋಗುತ್ತಲೇ ಇರುತ್ತದೆ, ಕೀಲು ಬಾತುಕೊಳ್ಳುತ್ತದೆ. ಟೋಫಾಸಿಟಿನಿಬ್ ಆ ವಾಲ್ವನ್ನು ಅರ್ಧ ತಿರುವಿ ನೀರು ಕಡಿಮೆ ಮಾಡುತ್ತದೆ. ಆದರೆ ಅದೇ ನೀರು ಬೇರೆ ಮನೆಗಳಿಗೂ ಬೇಕಲ್ಲ? ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯೂ ತಗ್ಗುತ್ತದೆ. ಅದಕ್ಕೇ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಅಡಗಿದ ಟಿಬಿ ಇದೆಯಾ ಅನ್ನುವ ಪರೀಕ್ಷೆ, ಕಾಮಾಲೆಯ ಹೆಪಟೈಟಿಸ್ ಪರೀಕ್ಷೆ, ರಕ್ತಕಣಗಳ ಲೆಕ್ಕ ಆಗಲೇಬೇಕು. ಶುರುವಾದ ಮೇಲೆ ಜ್ವರ ಬಂದರೆ, ಮೈಮೇಲೆ ಸರ್ಪಸುತ್ತು ಎದ್ದರೆ, ಒಂದೇ ಕಾಲು ಬಾತರೆ, ಎದೆ ನೋವು ಬಂದರೆ ಕಾಯಬೇಡಿ, ಡಾಕ್ಟ್ರಿಗೆ ತೋರಿಸಿ.

ಇನ್ನೊಂದು ಮಾತು ಮುಚ್ಚಿಡಲಾರೆ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಗುಳಿಗೆಗೆ ಎಚ್ಚರಿಕೆ ಹಾಕಿದರು. ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು, ಕೆಲವು ಕ್ಯಾನ್ಸರ್, ಸಾವು, ಇವುಗಳ ಅಪಾಯ ಹೆಚ್ಚು ಅಂತ. ವಯಸ್ಸಾದವರು, ಬೀಡಿ-ಸಿಗರೇಟು ಸೇದಿದವರು, ಹೃದಯದ ತೊಂದರೆ ಇದ್ದವರು ಜಾಸ್ತಿ ಹುಷಾರಾಗಿರಬೇಕು. ಅವ್ವನ ವಯಸ್ಸು, ಹಳೆಯ ಕಾಯಿಲೆ ಎಲ್ಲಾ ಡಾಕ್ಟ್ರ ಮುಂದೆ ಬಿಚ್ಚಿ ಹೇಳಿ. ಅವರು ಲೆಕ್ಕ ಹಾಕಿಯೇ ಬರೆದಿರುತ್ತಾರೆ. ಆದರೂ ಕೇಳುವ ಹಕ್ಕು ನಿಮ್ಮದು.

ಈಗ ನಾನು ಕೇಳುತ್ತೇನೆ. ಕಾಕಾನ ಹತ್ತಿರ ಗುಳಿಗೆ ಉಳಿದದ್ದು ಹೇಗೆ? ದಿನಾ ನುಂಗುವ ಗುಳಿಗೆ ಉಳಿಯಬಾರದು.

ಪ್ರಶ್ನೆ (ಬೆಟಗೇರಿಯಿಂದ):
ಕಾಕಾ ಶ್ರಾವಣ ಸೋಮವಾರ ಉಪವಾಸ ಮಾಡ್ತಾರೆ ಮೇಡಂ. ಬರೀ ಹೊಟ್ಟೆಯಲ್ಲಿ ತಗೊಂಡರೆ ವಾಂತಿ ಬರುತ್ತೆ ಅಂತ ಆ ದಿನ ಬಿಡ್ತಾರೆ. ಅಮಾವಾಸ್ಯೆಗೂ ಬಿಡ್ತಾರೆ.

ಉತ್ತರ:
ಇದು ನನಗೆ ಅವ್ವನ ವಿಷಯಕ್ಕಿಂತ ಜಾಸ್ತಿ ಚಿಂತೆ. ಹಿಡಿದ ವಾಲ್ವ್ ಬಿಟ್ಟ ದಿನ ರೋಗದ ಕಣಗಳು ಮತ್ತೆ ಏಳುತ್ತವೆ. ಹಾಗೆ ಬಿಡುತ್ತಾ ಹೋದರೆ ಒಂದು ದಿನ ಔಷಧಕ್ಕೇ ಬಗ್ಗದ ಕಣ ಮೇಲೆ ಬರಬಹುದು. ಉಪವಾಸ ಬಿಡಿ ಅಂತ ನಾನು ಹೇಳುವುದಿಲ್ಲ. ಇಮ್ಯಾಟಿನಿಬ್ಬನ್ನು ಊಟದ ಜೊತೆ, ದೊಡ್ಡ ಲೋಟ ನೀರಿನ ಜೊತೆ ತಗೊಳ್ಳಬೇಕು, ಅಷ್ಟೇ. ಸೋಮವಾರ ಸಂಜೆ ಒಪ್ಪತ್ತು ಊಟ ಮಾಡುತ್ತಾರಲ್ಲ, ಆಗ ತಗೊಳ್ಳಬಹುದಾ ಅಂತ ಡಾಕ್ಟ್ರನ್ನು ಕೇಳಿ. ಬಿಟ್ಟ ದಿನಕ್ಕೆ ಮರುದಿನ ಎರಡು ನುಂಗುವುದು ಬೇಡ. ರಕ್ತದಲ್ಲಿ ಆ ಕೆಟ್ಟ ವಾಲ್ವಿನ ಗುರುತು ಎಷ್ಟಿದೆ ಅಂತ ಅಳೆಯುವ ಬಿಸಿಆರ್-ಎಬಿಎಲ್ ಪಿಸಿಆರ್ ರಿಪೋರ್ಟ್ ತೆಗೆದು ನೋಡಿ. ಔಷಧ ಶುರುವಾಗಿ ವರ್ಷದ ಹೊತ್ತಿಗೆ ಅದು 0.1 ಪರ್ಸೆಂಟ್ ಅಥವಾ ಅದಕ್ಕಿಂತ ಕೆಳಗೆ ಇಳಿದಿರಬೇಕು ಅನ್ನುವುದು ಗುರಿ. ಎಷ್ಟು ದಿನ ಬಿಟ್ಟಿದ್ದಾರೆ ಅನ್ನುವುದನ್ನು ಡಾಕ್ಟ್ರಿಗೆ ಹೇಳಲೇಬೇಕು. ಬೈಸಿಕೊಂಡರೂ ಪರವಾಗಿಲ್ಲ. ಅವರಿಗೆ ಗೊತ್ತಿಲ್ಲದಿದ್ದರೆ ಔಷಧ ಕೆಲಸ ಮಾಡುತ್ತಿಲ್ಲ ಅಂತ ತಿಳಿದು ಬೇರೆಯದಕ್ಕೆ ಬದಲಾಯಿಸಬಹುದು.

ಪ್ರಶ್ನೆ (ಹಾವೇರಿಯಿಂದ):
ಮೇಡಂ, ನಮ್ಮ ಅಪ್ಪಾಜಿ ಸಿಎಲ್ಎಲ್ ಅನ್ನುವ ರಕ್ತದ ಕ್ಯಾನ್ಸರ್‌ಗೆ ಇಬ್ರುಟಿನಿಬ್ ತಗೊಳ್ತಾರೆ. ಇದೂ ಅದೇ ಜಾತಿಯದಾ? ನಾಳೆ ದವಡೆ ಹಲ್ಲು ಕೀಳಿಸುವುದಿದೆ.

ಉತ್ತರ:
ನಾಳೆ ಕೀಳಿಸಬೇಡಿ ಅಣ್ಣಾ. ಮೊದಲು ಕ್ಯಾನ್ಸರ್ ಡಾಕ್ಟ್ರಿಗೆ ಫೋನ್ ಮಾಡಿ. ಇಬ್ರುಟಿನಿಬ್ ತಗೊಳ್ಳುವವರಿಗೆ ರಕ್ತ ನಿಲ್ಲುವುದು ತಡ. ಆಪರೇಷನ್ ಎಂಥದ್ದು ಅನ್ನುವುದರ ಮೇಲೆ, ಮೊದಲೂ ಆಮೇಲೂ 3ರಿಂದ 7 ದಿನ ಗುಳಿಗೆ ನಿಲ್ಲಿಸುವುದುಂಟು. ಎಷ್ಟು ದಿನ ಅನ್ನುವುದನ್ನು ಅವರೇ ಹೇಳಬೇಕು. ಹಲ್ಲಿನ ಡಾಕ್ಟ್ರಿಗೂ ಗುಳಿಗೆಯ ಹೆಸರು ತೋರಿಸಿ. ನೋವಿಗೆ ಅಂತ ಅಂಗಡಿಯಿಂದ ಐಬುಪ್ರೊಫೆನ್, ಆಸ್ಪಿರಿನ್ ನೀವೇ ತಂದು ಕೊಡಬೇಡಿ. ಎದೆ ಡವಡವ ಅಂತ ತಾಳ ತಪ್ಪಿ ಬಡಿದರೂ ತಿಳಿಸಿ.

ಜಾತಿ ಅದೇ, ವಾಲ್ವ್ ಮಾತ್ರ ಬೇರೆ, ಬಿಟಿಕೆ (ಬ್ರೂಟನ್ಸ್ ಟೈರೋಸಿನ್ ಕೈನೇಸ್). ಇದರ ಹೆಸರಿನ ಹಿಂದೆ ಒಬ್ಬ ಹುಡುಗನಿದ್ದಾನೆ. 1952ರಲ್ಲಿ ಆಗ್ಡೆನ್ ಬ್ರೂಟನ್ ಅನ್ನುವ ಅಮೆರಿಕದ ಸೇನಾ ವೈದ್ಯರು, ಪದೇ ಪದೇ ಸೋಂಕು ಬರುತ್ತಿದ್ದ ಎಂಟು ವರ್ಷದ ಹುಡುಗನ ರಕ್ತ ನೋಡಿದರು. ಅದರಲ್ಲಿ ಸೋಂಕಿನ ವಿರುದ್ಧದ ಪ್ರತಿಕಾಯಗಳೇ ಇರಲಿಲ್ಲ. ಅಂಥ ಮಕ್ಕಳಲ್ಲಿ ಕೆಟ್ಟಿರುವ ಕೈನೇಸ್ ಯಾವುದು ಅನ್ನುವುದು 1993ರಲ್ಲಿ ತಿಳಿಯಿತು, ಬ್ರೂಟನ್ ಹೆಸರನ್ನೇ ಇಟ್ಟರು. ಅದಿಲ್ಲದಿದ್ದರೆ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಾದ ಬಿ ಕಣಗಳು ಬೆಳೆಯುವುದಿಲ್ಲ. ನಿಮ್ಮ ಅಪ್ಪಾಜಿಯವರಲ್ಲಿ ಅತಿಯಾಗಿ ಬೆಳೆದಿರುವುದೂ ಅದೇ ಬಿ ಕಣ.

ಬೆಟಗೇರಿಯಿಂದ, ಎರಡು ದಿನದ ಮೇಲೆ:
ಕಾಕಾ ಒಪ್ಪಿದ್ದಾರೆ. ಡಾಕ್ಟ್ರು ಸಂಜೆ ಊಟದ ಜೊತೆ ತಗೊಳ್ಳಿ ಅಂದರು. ಅವ್ವನಿಗೆ ಇವತ್ತು ಟಿಬಿ ನೋಡಲು ಕೈಗೆ ಮಂಟೂ ಸೂಜಿ ಹಾಕಿದ್ದಾರೆ.

ಉತ್ತರ:
ಒಳ್ಳೆಯದಾಯಿತು. 48ರಿಂದ 72 ಗಂಟೆ ಒಳಗೆ ಅದೇ ಜಾಗ ತೋರಿಸಲು ಕರಕೊಂಡು ಹೋಗಿ. ತಡವಾದರೆ ಮತ್ತೆ ಚುಚ್ಚಬೇಕಾಗುತ್ತದೆ. ಸ್ನಾನ ಮಾಡಬಹುದು, ಉಜ್ಜಬಾರದು, ಅರಿಷಿಣ ಹಚ್ಚಬಾರದು. ಮೆಥೋಟ್ರೆಕ್ಸೇಟ್, ಸ್ಟೆರಾಯ್ಡ್ ತಗೊಳ್ಳುವವರಿಗೆ ಟಿಬಿ ಅಡಗಿದ್ದರೂ ಕೆಲವೊಮ್ಮೆ ಚುಚ್ಚಿದಲ್ಲಿ ಗಂಟು ಏಳುವುದಿಲ್ಲ. ಅದಕ್ಕೆ ಎಕ್ಸ್‌ರೇ ಕೂಡ ಜೊತೆಗೆ ಒಯ್ಯಿರಿ.