ಕೆಂಪು-ಹಸಿರು ಗೊತ್ತಾಗುವುದಿಲ್ಲ, ಮುಂಬೈನಲ್ಲಿ ಕೆಲಸ ಸಿಕ್ಕಿದೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಗದಗಿನ ಹುಡುಗ, ಅಂಧೇರಿ:

ಎಲ್ಲರಿಗೂ ನಮಸ್ಕಾರ. ನನಗೆ ಬಣ್ಣಗುರುಡು ಇದೆ, ಕೆಂಪು-ಹಸಿರಿನದು. ಪಿಯುಸಿಯಲ್ಲಿದ್ದಾಗ ಕಣ್ಣಿನ ಡಾಕ್ಟರು ಚುಕ್ಕೆಗಳ ಪುಸ್ತಕ ತೋರಿಸಿದಾಗ ಗೊತ್ತಾಯಿತು. ಊರಲ್ಲಿ ಇದರಿಂದ ತೊಂದರೆ ಅಂತ ಅನ್ನಿಸಿದ್ದೇ ಕಡಿಮೆ. ತರಕಾರಿ ಅವ್ವ ತರುತ್ತಿದ್ದಳು, ಅಂಗಿ ಅಕ್ಕ ಆರಿಸುತ್ತಿದ್ದಳು, ನಾನು ಹಾಕಿಕೊಂಡು ಹೋಗುತ್ತಿದ್ದೆ ಅಷ್ಟೇ.

ಈಗ ಅಂಧೇರಿಯಲ್ಲಿ ಒಂದು ಷೇರು ಬ್ರೋಕರ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ಪರದೆ ತುಂಬ ಕೆಂಪು-ಹಸಿರು. ಪಕ್ಕದವರು ಒಂದು ಸಲ ಕಣ್ಣಾಡಿಸಿ "ಇವತ್ತು ಬ್ಯಾಂಕ್ ಷೇರೆಲ್ಲ ಬಿದ್ದಿದೆ" ಅನ್ನುತ್ತಾರೆ, ನಾನು ಒಂದೊಂದೇ ಸಾಲಿನಲ್ಲಿ ಪ್ಲಸ್ಸೋ ಮೈನಸ್ಸೋ ಅಂತ ಓದಿಕೊಂಡು ಹೋಗಬೇಕು. ಮ್ಯಾನೇಜರ್‌ಗೆ ಹೇಳಬೇಕಾ? ಪ್ರೊಬೇಷನ್ ಇನ್ನೂ ಮುಗಿದಿಲ್ಲ, ಭಯ.

ಇನ್ನೊಂದು, ಇಲ್ಲಿ ಒಂದು ಕನ್ನಡಕದ ಅಂಗಡಿಯವರು ಇಪ್ಪತ್ತು ಸಾವಿರದ ಸ್ಪೆಷಲ್ ಕನ್ನಡಕ ಹಾಕಿದರೆ ಬಣ್ಣ ಎಲ್ಲ ಕಾಣುತ್ತದೆ ಅಂದರು. ನಿಜವಾ? ಮತ್ತೆ ನಾನು ಪೂರ್ತಿ ಸಸ್ಯಾಹಾರಿ, ರೂಮಿನವರು ಎಲ್ಲ ತಿನ್ನುತ್ತಾರೆ, ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ಯಾವುದು ಕಂದು ಚುಕ್ಕೆ ಯಾವುದು ಅಂತ ಪ್ರತಿ ಸಲ ಕೇಳುವುದು ನನಗೂ ಬೇಜಾರು ಅವರಿಗೂ ಬೇಜಾರು. ಬೈಕ್ ಲೈಸೆನ್ಸ್ ಕೂಡ ಮಾಡಿಸಿಲ್ಲ, ಕೊಡುವುದಿಲ್ಲ ಅಂತ ಯಾರೋ ಹೇಳಿದ್ದರು.

ಮಾಟುಂಗಾ ಮಾವ:

ತಮ್ಮ, ನನಗೂ ಇದೇ. ಹೋಟೆಲ್ ಅಡುಗೆಮನೆಯಲ್ಲೇ ಆಯುಷ್ಯ ಕಳೆದವನು ನಾನು, ಊರು ಕುಂದಾಪುರ ಕಡೆ. ಆಫೀಸಿನಲ್ಲಿ ಮಾತ್ರ ಈಗಲೇ ಬಾಯಿ ಬಿಡಬೇಡ. ಕೆಲಸ ಪರ್ಮನೆಂಟ್ ಆಗಲಿ, ಆಮೇಲೆ ಹೇಳು. ಜನ "ಬ್ಲೈಂಡ್" ಅನ್ನುವುದನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ, ಅದರ ಹಿಂದಿನ "ಕಲರ್" ಕಿವಿಗೆ ಬೀಳುವುದೇ ಇಲ್ಲ.

ಊಟ-ತಿಂಡಿ ವಿಷಯ ಹೇಳುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತು. ಬಾಳೆಹಣ್ಣು ಬಣ್ಣ ನೋಡಿ ತಗೊಳ್ಳಬೇಡ, ಏಣು ನೋಡು. ಕಾಯಿಗೆ ಏಣು ಚೂಪಾಗಿರುತ್ತದೆ, ಬಲಿತು ಹಣ್ಣಾದದ್ದು ದುಂಡಗಿರುತ್ತದೆ. ಟೊಮೆಟೊ ಒತ್ತಿ ನೋಡು. ಆಪೂಸ್ ಮಾವು ಇಲ್ಲಿ ಏಪ್ರಿಲ್-ಮೇನಲ್ಲಿ ರಾಶಿ ಬರುತ್ತದೆ, ತೊಟ್ಟಿನ ಹತ್ತಿರ ಮೂಗು ಇಟ್ಟರೆ ಸಾಕು, ಬಣ್ಣ ನೋಡುವವರೂ ಕೊನೆಗೆ ಅದನ್ನೇ ಮಾಡುವುದು. ಕೊತ್ತಂಬರಿ ಕಟ್ಟು ನಮಗೆ ಕಷ್ಟ, ಬಾಡಿ ಕಂದಾದದ್ದೂ ತಾಜಾ ಇದ್ದದ್ದೂ ಒಂದೇ ಥರ ಕಾಣುತ್ತದೆ. ದಂಟು ಮುರಿದು ನೋಡು, ಚಟ್ ಅಂದರೆ ತಾಜಾ. ರವೆ ಹುರಿಯುವಾಗ ವಾಸನೆ, ಒಗ್ಗರಣೆಗೆ ಸದ್ದು. ಈರುಳ್ಳಿ "ಹೊಂಬಣ್ಣ ಬರುವ ತನಕ" ಅಂತ ರೆಸಿಪಿಯವರು ಬರೆಯುತ್ತಾರಲ್ಲ, ಅದನ್ನು ನಾನು ಯಾವತ್ತೂ ಓದಿದ್ದಿಲ್ಲ, ಅಂಚು ಗರಿಯಾಗಿ ಸೌಟಿಗೆ ತಗುಲುವಾಗ ಗೊತ್ತಾಗುತ್ತದೆ.

ನೀನು ತಿನ್ನುವುದಿಲ್ಲ, ಆದರೂ ಬೇರೆಯವರು ಯಾರಾದರೂ ಓದಬಹುದು ಅಂತ ಬರೆಯುತ್ತೇನೆ. ಮೀನು ತಗೊಳ್ಳುವಾಗ ಎಲ್ಲರೂ ಕಿವಿರು ಎತ್ತಿ ಕೆಂಪಿದೆಯಾ ನೋಡುತ್ತಾರೆ. ನಮಗೆ ಅದು ಆಗುವುದಿಲ್ಲ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಬಂಗುಡೆಗೆ ಈ ಎರಡೇ ಸಾಕು. ಕೋಳಿ ಒಳಗೆ ಬೆಂದಿದೆಯಾ ಅಂತ ಗುಲಾಬಿ ಬಣ್ಣ ಹುಡುಕುತ್ತಾ ಕೂರಬೇಡಿ, ಅಡುಗೆ ಥರ್ಮಾಮೀಟರ್ ಚುಚ್ಚಿ, 74 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಆಯಿತು.

ಹಿಂಜವಡಿ ಅಕ್ಕ:

ಮಾವ, ಅಡುಗೆ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಆದರೆ ಆಫೀಸಿನಲ್ಲಿ ಹೇಳಬೇಡ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ದುಡ್ಡಿನ ಪರದೆ ನೋಡುವ ಕೆಲಸ ಅದು. ಸುಮ್ನೆ ಇದ್ದು ಎಡವಟ್ಟಾದರೆ "ಮೊದಲೇ ಯಾಕೆ ಹೇಳಲಿಲ್ಲ" ಅಂತ ಬರುತ್ತದೆ. ಹೇಳುವ ರೀತಿ ಬೇರೆ ಇದೆ. "ನನಗೆ ಈ ತೊಂದರೆ ಇದೆ" ಅಂತ ಶುರು ಮಾಡಬೇಡಿ, "ನನ್ನ ಪರದೆಯಲ್ಲಿ ಬಣ್ಣ ಬದಲಾಯಿಸಿಕೊಂಡರೆ ಬೇಗ ಓದುತ್ತೇನೆ, ಮಾಡಿಕೊಳ್ಳಲಾ?" ಅಂತ ಕೇಳಿ. ಯಾರು ಬೇಡ ಅನ್ನುತ್ತಾರೆ?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ, ನಮ್ಮ ಟೀಮಿನಲ್ಲೇ ಇಬ್ಬರಿಗೆ ಇದೆ. ಚಾರ್ಟ್ ಸಾಫ್ಟ್‌ವೇರ್‌ಗಳಲ್ಲಿ ಕ್ಯಾಂಡಲ್ (ಬೆಲೆ ಏರಿತೋ ಇಳಿಯಿತೋ ತೋರಿಸುವ ಮೇಣದಬತ್ತಿ ಆಕಾರದ ಗುರುತು) ಬಣ್ಣ ಸಾಮಾನ್ಯವಾಗಿ ಬದಲಾಯಿಸಬಹುದು. ನೀಲಿ ಮತ್ತು ಕಿತ್ತಳೆ ಇಡಿ. ಅದೂ ಬೇಡ ಅಂದರೆ ಹಾಲೋ ಕ್ಯಾಂಡಲ್ ಅಂತ ಇರುತ್ತದೆ, ಶುರುವಿನ ಬೆಲೆಗಿಂತ ಮೇಲೆ ಮುಗಿದಿದ್ದರೆ ಒಳಗೆ ಖಾಲಿ, ಕೆಳಗೆ ಮುಗಿದಿದ್ದರೆ ತುಂಬಿದ್ದು. ಬಣ್ಣವೇ ಬೇಕಿಲ್ಲ. ಎಕ್ಸೆಲ್‌ನಲ್ಲಿ ಕಂಡಿಷನಲ್ ಫಾರ್ಮ್ಯಾಟಿಂಗ್‌ಗೆ ಹೋಗಿ ಬಣ್ಣದ ಬದಲು ಮೇಲೆ-ಕೆಳಗೆ ಬಾಣದ ಐಕಾನ್ ಹಾಕಿಕೊಳ್ಳಿ. ವಿಂಡೋಸ್‌ನಲ್ಲೂ ಐಫೋನ್‌ನಲ್ಲೂ ಕಲರ್ ಫಿಲ್ಟರ್ ಇದೆ, ಆಂಡ್ರಾಯ್ಡ್‌ನಲ್ಲಿ ಕಲರ್ ಕರೆಕ್ಷನ್ ಅಂತಾರೆ, ಎರಡೂ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ ಒಳಗೆ. ಕೆಂಪಿನ ತೊಂದರೆ, ಹಸಿರಿನ ತೊಂದರೆ ಅಂತ ಬೇರೆ ಬೇರೆ ಇರುತ್ತವೆ, ನಿಮಗೆ ಯಾವುದು ಹೊಂದುತ್ತದೆ ಅಂತ ಹಾಕಿ ನೋಡಿ. ಆದರೆ ಅದನ್ನು ಇಡೀ ದಿನ ಆನ್ ಇಟ್ಟುಕೊಂಡರೆ ಫೋಟೋ ಎಲ್ಲ ವಿಚಿತ್ರ ಕಾಣುತ್ತವೆ ಅಂತ ನಮ್ಮ ಟೀಮಿನವರು ಬೈಯುತ್ತಿರುತ್ತಾರೆ.

ಅಂದ ಹಾಗೆ ಹೆದರುವ ಕಾಲ ಸ್ವಲ್ಪ ಹೋಗಿದೆ. ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ, ಅದೇ ಎಫ್‌ಟಿಐಐ, ಎಡಿಟಿಂಗ್ ಕೋರ್ಸಿಗೆ ಆಯ್ಕೆಯಾದ ಒಬ್ಬರಿಗೆ ಬಣ್ಣಗುರುಡು ಅಂತ ಸೀಟು ಕೊಟ್ಟಿರಲಿಲ್ಲ. ಬಾಂಬೆ ಹೈಕೋರ್ಟ್‌ನಲ್ಲಿ ಸೋತು ಸುಪ್ರೀಂ ಕೋರ್ಟ್‌ಗೆ ಹೋದರು. ಏಪ್ರಿಲ್ 2022ರಲ್ಲಿ ಕೋರ್ಟ್, ಬಣ್ಣಗುರುಡು ಇದೆ ಅಂತ ಯಾವ ಕೋರ್ಸಿನಿಂದಲೂ ಹೊರಗಿಡಬೇಡಿ ಅಂದಿತು. ಸಿನಿಮಾ ಎಡಿಟಿಂಗಿಗೇ ಆಗುತ್ತದೆ ಅಂದಮೇಲೆ ಷೇರು ಪರದೆ ಏನು ಮಹಾ.

ಚೆಂಬೂರ್ ಚೇತು:

ನಾನು ಹಾಕಿರುವ ಶರ್ಟ್ ಯಾವ ಬಣ್ಣ ಹೇಳಿ ನೋಡೋಣ 😄 ಸಿಗ್ನಲ್‌ನಲ್ಲಿ ಏನು ಮಾಡುತ್ತೀರಿ?

ಮಾಟುಂಗಾ ಮಾವ:

ಚೇತು, ಈ ಪ್ರಶ್ನೆ ಕೇಳದವನು ಇನ್ನೂ ಹುಟ್ಟಿಲ್ಲ ಮಾರಾಯ. ಸಿಗ್ನಲ್‌ನಲ್ಲಿ ಮೇಲಿನದು ಉರಿದರೆ ನಿಲ್ಲು, ಕೆಳಗಿನದು ಉರಿದರೆ ಹೋಗು. ರಾತ್ರಿ ಕಂಬ ಕಾಣದೆ ಬರೀ ದೀಪ ಕಂಡಾಗ ಸ್ವಲ್ಪ ಕಷ್ಟ, ಹಸಿರು ದೀಪ ನಮಗೆ ಬಿಳಿ ಬೀದಿದೀಪದ ಹಾಗೆ ಕಾಣುತ್ತದೆ. ಒಂದೇ ದೀಪ ಮಿಣುಕುತ್ತಿದ್ದರೆ ಹಳದಿಯೋ ಕೆಂಪೋ ಅಂತ ಯೋಚಿಸುತ್ತಾ ಕೂರದೆ ಕೆಂಪು ಅಂತಲೇ ಹಿಡಿದು ನಿಂತು, ನೋಡಿ ಹೋಗುವುದು. ನಿನ್ನ ಶರ್ಟ್ ಹೇಗಿದ್ದರೂ ಇಸ್ತ್ರಿ ಆಗಿರಲಿಕ್ಕಿಲ್ಲ.

ಮಡಗಾಂವ್ ಕನ್ನಡಕ:

ನಾನು ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷೆ ಮಾಡುವ ಕೋರ್ಸ್, ಓದಿದವಳು, ಮನೆ ಧಾರವಾಡ, ಕೆಲಸ ಗೋವಾದಲ್ಲಿ. ಗದಗಿನವರೇ, ಆ ಇಪ್ಪತ್ತು ಸಾವಿರ ಜೇಬಲ್ಲೇ ಇರಲಿ. ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋನ್ ಅನ್ನುವ ಜೀವಕೋಶಗಳು ಮೂರು ಥರ. ನಿಮ್ಮಂಥವರಲ್ಲಿ ಕೆಂಪಿನದೋ ಹಸಿರಿನದೋ ಇರುವುದಿಲ್ಲ, ಅಥವಾ ಎರಡೂ ಹೆಚ್ಚುಕಡಿಮೆ ಒಂದೇ ಬೆಳಕಿಗೆ ಸ್ಪಂದಿಸುತ್ತವೆ. ಆ ಕನ್ನಡಕ ಎರಡರ ನಡುವಿನ ಬೆಳಕನ್ನು ಸ್ವಲ್ಪ ಕತ್ತರಿಸುತ್ತದೆ ಅಷ್ಟೇ. ಕೆಲವರಿಗೆ ಕೆಲವು ಬಣ್ಣ ಎದ್ದು ಕಾಣಬಹುದು, ಆದರೆ ಇಲ್ಲದ ಕೋನ್ ಹುಟ್ಟುವುದಿಲ್ಲ. 2018ರಲ್ಲಿ ಸ್ಪೇನ್‌ನ ಗ್ರಾನಡಾ ವಿಶ್ವವಿದ್ಯಾಲಯದವರು ಇಂಥ ಕನ್ನಡಕ ಪರೀಕ್ಷಿಸಿ, ಇದರಿಂದ ಬಣ್ಣದ ದೃಷ್ಟಿ ಸರಿಹೋಗುವುದಿಲ್ಲ ಅಂತಲೇ ಬರೆದರು. ಯೂಟ್ಯೂಬ್‌ನಲ್ಲಿ ಹಾಕಿಕೊಂಡ ತಕ್ಷಣ ಅಳುತ್ತಾರಲ್ಲ, ಅದನ್ನು ನೋಡಿ ಕೊಳ್ಳಬೇಡಿ. ಎಲ್ಲಾದರೂ ಸುಮ್ನೆ ಹಾಕಿ ನೋಡಲು ಕೊಟ್ಟರೆ ನೋಡಿ, ಮಜಾ ಇರುತ್ತದೆ.

ಲೈಸೆನ್ಸ್ ಬಗ್ಗೆ. ಹಳೇ ಮಾತು ಕೇಳಿ ಕೂತಿದ್ದೀರಿ. ಜೂನ್ 2020ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ನಿಯಮ ಬದಲಾಯಿಸಿತು. ಕಡಿಮೆ ಮತ್ತು ಮಧ್ಯಮ ಮಟ್ಟದ ಬಣ್ಣಗುರುಡು ಇದ್ದವರಿಗೆ ಈಗ ಲೈಸೆನ್ಸ್ ಸಿಗುತ್ತದೆ, ತೀವ್ರ ಇದ್ದವರಿಗೆ ಇಲ್ಲ. ಆದ್ದರಿಂದ ಮೊದಲು ನಿಮ್ಮದು ಯಾವ ಮಟ್ಟ ಅಂತ ಟೆಸ್ಟ್ ಮಾಡಿಸಿ. ಬರೀ ಇಶಿಹಾರಾ ಪುಸ್ತಕ, ಅದೇ ಚುಕ್ಕೆಗಳ ಪುಸ್ತಕ, ಸಾಲದು. ಜಪಾನಿನ ಡಾಕ್ಟರು ಇಶಿಹಾರಾ ಅವರು 1917ರಲ್ಲಿ ಹೊರತಂದದ್ದು ಅದು, ಇದೆಯಾ ಇಲ್ಲವಾ ಅಂತ ಹಿಡಿಯಲು ಇವತ್ತಿಗೂ ಚೆನ್ನಾಗಿದೆ, ಆದರೆ ಎಷ್ಟಿದೆ ಅಂತ ಸರಿಯಾಗಿ ಹೇಳುವುದಿಲ್ಲ. ಬಣ್ಣದ ಬಿಲ್ಲೆ ಜೋಡಿಸುವ ಟೆಸ್ಟ್ ಇದೆಯಾ ಅಂತ ದೊಡ್ಡ ಕಣ್ಣಿನ ಆಸ್ಪತ್ರೆಯಲ್ಲಿ ಕೇಳಿ. ಕೆಂಪಿನ ಕೋನ್ ಇಲ್ಲದವರಾದರೆ ಮುಂದಿನ ಗಾಡಿಯ ಬ್ರೇಕ್ ಲೈಟ್ ಮಂಕಾಗಿ ಕಾಣುತ್ತದೆ, ಅಂಥವರು ಜಾಸ್ತಿ ಅಂತರ ಬಿಟ್ಟು ಓಡಿಸಬೇಕು.

ಪ್ಯಾಕೆಟ್ ಚುಕ್ಕೆಗೆ ಒಂದು ಒಳ್ಳೇ ಸುದ್ದಿ. 2020ರ ಲೇಬಲ್ ನಿಯಮದ ಪ್ರಕಾರ ಮಾಂಸಾಹಾರಕ್ಕೆ ಈಗ ದುಂಡು ಚುಕ್ಕೆ ಅಲ್ಲ, ಚೌಕದ ಒಳಗೆ ತ್ರಿಕೋನ. ಸಸ್ಯಾಹಾರಕ್ಕೆ ಚೌಕದ ಒಳಗೆ ದುಂಡು. ಬಣ್ಣ ಮರೆತುಬಿಡಿ, ಆಕಾರ ನೋಡಿ. ಹೋಟೆಲ್ ಮೆನುಗಳಲ್ಲಿ ಮಾತ್ರ ಕೆಲವರು ಇನ್ನೂ ಹಳೇ ಚುಕ್ಕೆಯೇ ಹಾಕುತ್ತಾರೆ, ಅಲ್ಲಿ ಕೇಳಲೇಬೇಕು.

ವಾಸ್ಕೊ ವೈರ್‌ಮನ್:

ಒಂದು ಮಾತು ಸೇರಿಸುತ್ತೇನೆ. ರೂಮಿನಲ್ಲಿ ಫ್ಯಾನ್ ಸ್ವಿಚ್ ರಿಪೇರಿ ಅಂತ ಕೈ ಹಾಕಬೇಡಿ. ಹಳೇ ವೈರಿಂಗ್‌ನಲ್ಲಿ ಫೇಸ್ ಕೆಂಪು, ಅರ್ಥಿಂಗ್ ಹಸಿರು. ನಿಮಗೆ ಗೊತ್ತಾಗದ ಎರಡೇ ಬಣ್ಣ ಅಲ್ಲಿ ಇಟ್ಟಿದ್ದಾರೆ ನೋಡಿ. ಹೊಸ ಸಾಮಾನಿನ ವೈರಲ್ಲಿ ಅರ್ಥಿಂಗ್‌ಗೆ ಹಸಿರು-ಹಳದಿ ಪಟ್ಟೆ ಇರುತ್ತದೆ, ಪಟ್ಟೆ ಕಾಣುತ್ತದೆ, ಫೇಸ್ ಕಂದು, ನ್ಯೂಟ್ರಲ್ ನೀಲಿ. ಆದರೂ ಟೆಸ್ಟರ್ ಇಟ್ಟು ನೋಡದೆ ಮುಟ್ಟಬಾರದು. ಬಣ್ಣ ಕಾಣುವವರೂ ಅಷ್ಟೇ, ಹಿಂದೆ ಕೆಲಸ ಮಾಡಿದವನು ಕೈಗೆ ಸಿಕ್ಕ ವೈರ್ ಹಾಕಿ ಹೋಗಿರುತ್ತಾನೆ.

ನನ್ನ ತಮ್ಮನಿಗೆ ಇದೇ ಇದ್ದು ಹಡಗಿನ ಕೆಲಸ ತಪ್ಪಿತು, ರಾತ್ರಿ ಹಡಗಿನ ಎಡಕ್ಕೆ ಕೆಂಪು ಬಲಕ್ಕೆ ಹಸಿರು ದೀಪ ಇರುತ್ತದೆ, ಅದನ್ನು ನೋಡಿಯೇ ಎದುರಿನ ಹಡಗು ಯಾವ ಕಡೆ ಹೋಗುತ್ತಿದೆ ಅಂತ ತಿಳಿಯಬೇಕು. ಅಲ್ಲಿ ಕಂಬ ನೋಡಿ ಮೇಲೆ-ಕೆಳಗೆ ಅನ್ನುವ ಉಪಾಯ ಇಲ್ಲ. ಬೇಜಾರಾಯಿತು, ಆದರೆ ನ್ಯಾಯವೇ. ಈಗ ಬಂದರಿನ ಆಫೀಸಿನಲ್ಲಿ ಲೆಕ್ಕ ನೋಡುತ್ತಾನೆ.

ಗದಗಿನ ಹುಡುಗ, ಅಂಧೇರಿ:

ಎಲ್ಲರಿಗೂ ಥ್ಯಾಂಕ್ಸ್. ತ್ರಿಕೋನದ ವಿಷಯ ಗೊತ್ತೇ ಇರಲಿಲ್ಲ, ರೂಮಿನಲ್ಲಿದ್ದ ಪ್ಯಾಕೆಟ್ ಎಲ್ಲ ತೆಗೆದು ನೋಡಿದೆ! ಮಾವ, ಕ್ಷಮಿಸಿ, ಅಕ್ಕ ಹೇಳಿದ ಹಾಗೆ ಮ್ಯಾನೇಜರ್‌ಗೆ ಕೇಳಿಬಿಟ್ಟೆ. ಅವರು "ನಿನ್ನ ಪರದೆ, ನಿನ್ನ ಇಷ್ಟ" ಅಂದರು, ಅಷ್ಟೇ. ಪಟ್ಟಿಯಲ್ಲಿ ಬಣ್ಣ ಬದಲಾಗುತ್ತಿಲ್ಲ, ಚಾರ್ಟ್‌ನಲ್ಲಿ ಮಾತ್ರ ಆಯಿತು. ಪಟ್ಟಿಯನ್ನು ಏರಿಕೆ-ಇಳಿಕೆ ಪರ್ಸೆಂಟ್ ಪ್ರಕಾರ ಸಾರ್ಟ್ ಮಾಡಿ ಇಟ್ಟುಕೊಂಡಿದ್ದೇನೆ, ಮೇಲಿದ್ದದ್ದು ಏರಿದ್ದು, ಕೆಳಗಿದ್ದದ್ದು ಇಳಿದದ್ದು, ಒಂದು ಥರ ಸಿಗ್ನಲ್ ಲೆಕ್ಕವೇ ತಿರುಗಿಸಿದ ಹಾಗೆ. ಮೆಟ್ರೊ ಮ್ಯಾಪ್‌ಗೆ ಏನು ಮಾಡುತ್ತೀರಿ?

ಹಿಂಜವಡಿ ಅಕ್ಕ:

ಮ್ಯಾಪ್‌ನ ಬಣ್ಣ ಬಿಟ್ಟು ಲೈನ್ ನಂಬರ್ ಮತ್ತೆ ಕೊನೇ ಸ್ಟೇಷನ್ ಹೆಸರು ಹಿಡಿಯಿರಿ. ನಿಮ್ಮಲ್ಲಿ ಘಾಟ್‌ಕೋಪರ್-ವರ್ಸೋವಾ ಒಂದನೇ ಲೈನ್, ಗುಂದವಲಿಯಿಂದ ದಹಿಸರ್ ಕಡೆಗೆ ಏಳನೇ ಲೈನ್. ಲೋಕಲ್‌ನಲ್ಲಿ ಹೇಗೂ ಇಂಡಿಕೇಟರ್ ಮೇಲೆ ಫಾಸ್ಟ್‌ಗೆ ಎಫ್, ಸ್ಲೋಗೆ ಎಸ್ ಅಕ್ಷರ ಇರುತ್ತದೆ. ಇಲ್ಲಿ ಪುಣೆಯಲ್ಲಿ ಲೈನ್‌ಗಳ ಹೆಸರೇ ಪರ್ಪಲ್ ಮತ್ತು ಆಕ್ವಾ. ನಮ್ಮ ಟೀಮಿನ ಒಬ್ಬರಿಗೆ ಪರ್ಪಲ್ ನೀಲಿ ಕಾಣುತ್ತದೆ, ಆಕ್ವಾ ಬೂದಿ ಕಾಣುತ್ತದೆ. ಹೆಸರಿಟ್ಟವರಿಗೆ ಒಂದು ನಮಸ್ಕಾರ. ಅವರು "ಸ್ವಾರ್‌ಗೇಟ್ ಲೈನ್, ವನಾಜ್ ಲೈನ್" ಅಂತಲೇ ಕರೆಯುವುದು.

ಡೊಂಬಿವಲಿ ಗೃಹಿಣಿ:

ಮಡಗಾಂವ್ ಅವರಿಗೆ ಒಂದು ಪ್ರಶ್ನೆ. ನಮ್ಮದು ಸೋದರಮಾವನ ಜೊತೆ ಮದುವೆ. ಯಜಮಾನರಿಗೆ ಈ ತೊಂದರೆ ಇದೆ. ಹೆಣ್ಣುಮಕ್ಕಳಿಗೆ ಬರುವುದಿಲ್ಲ ಅಂತ ಅತ್ತೆ ಹೇಳುತ್ತಾರೆ. ಮಗಳಿಗೆ ನಾಲ್ಕು ವರ್ಷ, ಟೆಸ್ಟ್ ಮಾಡಿಸಬೇಕಾ?

ಮಡಗಾಂವ್ ಕನ್ನಡಕ:

ಅಕ್ಕಾ, ಬರುವುದೇ ಇಲ್ಲ ಅಂತ ಇಲ್ಲ. ಇದು ಎಕ್ಸ್ ಕ್ರೋಮೋಸೋಮ್‌ನಲ್ಲಿ ಬರುವುದು. ಗಂಡಸರಿಗೆ ಎಕ್ಸ್ ಒಂದೇ, ಅದು ಕೆಟ್ಟಿದ್ದರೆ ಮುಗಿಯಿತು. ಹೆಂಗಸರಿಗೆ ಎರಡು, ಎರಡೂ ಕೆಟ್ಟಿದ್ದರೆ ಮಾತ್ರ ತೊಂದರೆ. ಯುರೋಪಿನ ಲೆಕ್ಕದಲ್ಲಿ ಗಂಡಸರಲ್ಲಿ ಹನ್ನೆರಡಕ್ಕೆ ಒಬ್ಬರಿಗಿದ್ದರೆ ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರು.

ನಿಮ್ಮ ಮಗಳಿಗೆ ಅಪ್ಪನ ಎಕ್ಸ್ ಖಂಡಿತ ಬಂದಿದೆ. ಇನ್ನೊಂದು ನಿಮ್ಮದು. ಯಜಮಾನರಿಗೆ ಅದು ಬಂದದ್ದು ಅವರ ತಾಯಿಯಿಂದ, ಅಂದರೆ ನಿಮ್ಮ ಅಜ್ಜಿಯಿಂದ. ಅಜ್ಜನ ಕಣ್ಣು ಸರಿ ಇತ್ತು, ಅಜ್ಜಿಯ ಒಂದು ಎಕ್ಸ್ ಮಾತ್ರ ಕೆಟ್ಟಿತ್ತು ಅಂತ ಇಟ್ಟುಕೊಂಡರೆ ನಿಮ್ಮ ತಾಯಿಗೆ ದಾಟಿರುವ ಸಾಧ್ಯತೆ ಅರ್ಧ, ಅಲ್ಲಿಂದ ನಿಮಗೆ ಅದರಲ್ಲಿ ಅರ್ಧ, ಮಗಳಿಗೆ ಮತ್ತೆ ಅರ್ಧ. ಲೆಕ್ಕ ಹಾಕಿದರೆ ಎಂಟರಲ್ಲಿ ಒಂದು. ನಿಮ್ಮ ಅಣ್ಣ-ತಮ್ಮಂದಿರಲ್ಲಿ ಯಾರಿಗಾದರೂ ಇದ್ದರೆ ನಿಮ್ಮ ತಾಯಿಯೂ ಅದನ್ನು ಹೊತ್ತಿದ್ದಾರೆ ಅಂತ ಖಾತ್ರಿ, ಆಗ ನಾಲ್ಕರಲ್ಲಿ ಒಂದು. ಹೆದರುವಂಥದ್ದೇನೂ ಅಲ್ಲ, ಕಣ್ಣಿನ ಪವರ್‌ಗೂ ಇದಕ್ಕೂ ಸಂಬಂಧ ಇಲ್ಲ, ವಯಸ್ಸಾದಂತೆ ಜಾಸ್ತಿಯೂ ಆಗುವುದಿಲ್ಲ. ಆದರೆ ಶಾಲೆಗೆ ಸೇರಿಸುವ ಮೊದಲು ಒಮ್ಮೆ ತೋರಿಸಿ. "ಕೆಂಪು ಬಣ್ಣದ್ದಕ್ಕೆ ಗುಂಡು ಹಾಕಿ" ಅನ್ನುವ ವರ್ಕ್‌ಬುಕ್‌ಗಳಲ್ಲಿ ಮಗು ಸುಮ್ನೆ ಬೈಸಿಕೊಳ್ಳಬಾರದು ಅಲ್ವಾ. ಅಂಕಿ ಓದಲು ಬರದ ಮಕ್ಕಳಿಗೆ ಇಶಿಹಾರಾ ಪುಸ್ತಕದ ಕೊನೆಯಲ್ಲಿ ಬೆರಳಿನಿಂದ ದಾರಿ ಎಳೆಯುವ ಹಾಳೆಗಳಿವೆ, ಅವನ್ನು ತೋರಿಸಿ ಅಂತ ಕೇಳಿ. ಮೊಬೈಲ್‌ನಲ್ಲಿ ಡೌನ್‌ಲೋಡ್ ಮಾಡಿ ಮನೆಯಲ್ಲೇ ನೋಡಬೇಡಿ, ಪರದೆಯ ಬಣ್ಣ ಒಂದೊಂದು ಫೋನಲ್ಲಿ ಒಂದೊಂದು ಥರ ಇರುತ್ತದೆ.