ಪ್ರವಾದಿಗಳು ಬಲಿಯನ್ನೇ ಬೇಡವೆಂದರೇ, ಬಲಿ ತಂದ ಕೈಗಳನ್ನು ಬೇಡವೆಂದರೇ?

ಪ್ರಶ್ನೆ

ಬೈಬಲಿನಲ್ಲಿ ಪ್ರವಾದಿ ಆಮೋಸನ ಗ್ರಂಥದ ಐದನೆಯ ಅಧ್ಯಾಯವನ್ನು ಈಚೆಗೆ ಮತ್ತೊಮ್ಮೆ ಓದುತ್ತಿದ್ದಾಗ, ಹಿಂದೆ ಎಷ್ಟೋ ಸಲ ಓದಿ ದಾಟಿಹೋಗಿದ್ದ ಸಾಲುಗಳೇ ನನ್ನನ್ನು ತಡೆದು ನಿಲ್ಲಿಸಿದವು. ಅಲ್ಲಿ ದೇವರು ಇಸ್ರಾಯೇಲರ ಹಬ್ಬಗಳನ್ನು ದ್ವೇಷಿಸುತ್ತೇನೆ ಎನ್ನುತ್ತಾನೆ; ಸರ್ವಾಂಗಹೋಮವನ್ನೂ ಧಾನ್ಯನೈವೇದ್ಯವನ್ನೂ ಮೆಚ್ಚುವುದಿಲ್ಲ, ಕೊಬ್ಬಿದ ಪಶುಗಳ ಬಲಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಹಾಡುಗಳ ಗದ್ದಲವನ್ನು ನನ್ನಿಂದ ದೂರ ಮಾಡಿರಿ ಎನ್ನುತ್ತಾನೆ; ಅದಾದ ಮೇಲೆ, ನ್ಯಾಯವು ನೀರಿನಂತೆಯೂ ಧರ್ಮವು ಬತ್ತದ ಹೊಳೆಯಂತೆಯೂ ಹರಿಯಲಿ ಎಂಬ ಪ್ರಸಿದ್ಧವಾದ ಮಾತು ಬರುತ್ತದೆ. ಆದರೆ ಅದೇ ಧರ್ಮಗ್ರಂಥದ ಯಾಜಕಕಾಂಡದಲ್ಲಿ, ಆ ಹೋಮಗಳನ್ನೇ ಹೇಗೆ ಅರ್ಪಿಸಬೇಕು, ರಕ್ತವನ್ನು ಎಲ್ಲಿ ಎರಚಬೇಕು, ಕೊಬ್ಬನ್ನು ಹೇಗೆ ದಹಿಸಬೇಕು ಎಂಬ ವಿಧಿಗಳು ದೇವರ ಬಾಯಿಂದಲೇ ಅಧ್ಯಾಯಗಟ್ಟಲೆ ಬಂದಿವೆ.

ನಾನು ಇದುವರೆಗೆ ಒಪ್ಪಿಕೊಂಡು ಬಂದ ಸಮಾಧಾನವೆಂದರೆ, ಪ್ರವಾದಿಗಳು ಹೊರಗಿನ ಆಚರಣೆಯನ್ನು ಬಿಟ್ಟು ಒಳಗಿನ ಭಕ್ತಿಯನ್ನು ಕೇಳಿದರು, ಮನಸ್ಸಿಲ್ಲದ ಪೂಜೆಯನ್ನು ಖಂಡಿಸಿದರು ಎಂಬುದು. ಈ ಸಲ ಓದಿದಾಗ ಅದು ನಿಲ್ಲುವಂತೆ ಕಾಣಲಿಲ್ಲ. ಇಸ್ರಾಯೇಲರ ಪವಿತ್ರಸ್ಥಾನವಾಗಿದ್ದ ಬೇತೇಲಿಗೆ ಬಂದವರ ಭಕ್ತಿ ಕಪಟವಾಗಿತ್ತೆಂದು ಆಮೋಸನು ಎಲ್ಲಿಯೂ ಹೇಳುವುದಿಲ್ಲ. ಹಾಗೆ ಮಾಡುವುದು ನಿಮಗೆ ಇಷ್ಟವಷ್ಟೆ ಎಂದು ನಾಲ್ಕನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಹೋಶೇಯ 6:6, ಯೆಶಾಯನ ಮೊದಲ ಅಧ್ಯಾಯ, ಮೀಕ 6:6-8, ಯೆರೆಮೀಯನ ಏಳನೆಯ ಅಧ್ಯಾಯ ಇವೆಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ: ಇವರು ಯಜ್ಞವನ್ನು ಬುಡಸಮೇತ ನಿರಾಕರಿಸಿದರೇ? ಒಳಗು, ಹೊರಗು ಎಂಬ ಭೇದ ಅವರದೇ, ಅಥವಾ ನಾವು ಅವರ ಮೇಲೆ ಹೊರಿಸಿದ್ದೇ?

ಮೊದಲ ಉತ್ತರ

ಹೋಶೇಯನಿಂದ ಆರಂಭಿಸುತ್ತೇನೆ, ಏಕೆಂದರೆ ಈ ಚರ್ಚೆಯ ಅರ್ಧದಷ್ಟು ಗೊಂದಲ ಹುಟ್ಟುವುದು ಆ ಒಂದು ವಾಕ್ಯದ ಅನುವಾದದಲ್ಲಿ. ಹೀಬ್ರೂ ಮೂಲದಲ್ಲಿ ಅದಕ್ಕೆ ಎರಡು ತುಂಡುಗಳಿವೆ. ಮೊದಲ ತುಂಡು, ನನಗೆ ಹೆಸೆದ್ ಬೇಕು, ಬಲಿಯಲ್ಲ ಎನ್ನುತ್ತದೆ. ಎರಡನೆಯದು, ಸರ್ವಾಂಗಹೋಮಗಳಿಗಿಂತ ದೇವಜ್ಞಾನ ಬೇಕು ಎನ್ನುತ್ತದೆ. ಮೊದಲನೆಯದರಲ್ಲಿ ಇರುವುದು 'ಅಲ್ಲ' ಎಂಬ ನೇರ ನಿಷೇಧ, ಎರಡನೆಯದರಲ್ಲಿ ಇರುವುದು 'ಇಂತ' ಎಂಬ ಹೋಲಿಕೆಯ ಪ್ರತ್ಯಯ. ಹೀಬ್ರೂ ಕಾವ್ಯದಲ್ಲಿ ಎರಡನೆಯ ಪಾದವು ಮೊದಲನೆಯದನ್ನು ಬೇರೆ ಮಾತಿನಲ್ಲಿ ಮತ್ತೆ ಹೇಳುವುದು ರೂಢಿಯಾದ್ದರಿಂದ, 'ಅಲ್ಲ' ಎಂಬುದನ್ನೂ ಹೋಲಿಕೆಯಾಗಿಯೇ ತಿಳಿಯಬೇಕೆಂದು ಅನೇಕರು ವಾದಿಸುತ್ತಾರೆ. ಆ ಪ್ರತ್ಯಯಕ್ಕೆ 'ಬಿಟ್ಟು', 'ಇಲ್ಲದೆ' ಎಂಬ ಅರ್ಥಗಳೂ ಇರುವುದರಿಂದ ವ್ಯಾಕರಣವೊಂದೇ ಈ ವ್ಯಾಜ್ಯವನ್ನು ತೀರಿಸಲಾರದು, ಆದರೂ ಹೋಲಿಕೆಯ ಕಡೆಗೇ ತೂಕ ಹೆಚ್ಚೆಂದು ನನ್ನ ಅಭಿಪ್ರಾಯ. ಹೆಸೆದ್ ಎಂಬ ಮಾತನ್ನು ಬರಿಯ 'ಕರುಣೆ' ಎನ್ನುವುದೂ ಸಾಲದು. ಒಡಂಬಡಿಕೆಯಿಂದ ಕೂಡಿದವರು ಒಬ್ಬರಿಗೊಬ್ಬರು ಕೈಬಿಡದೆ ನಡೆದುಕೊಳ್ಳುವ ನಿಷ್ಠೆ ಅದು. ಮನಸ್ಸಿನ ಭಾವಕ್ಕಿಂತ ಹೆಚ್ಚಾಗಿ ನಡತೆಯ ಹೆಸರು.

ಇನ್ನು ಯೆಶಾಯನ ಮೊದಲ ಅಧ್ಯಾಯ. ಅಲ್ಲಿ ತಿರಸ್ಕೃತವಾಗುವುದು ಟಗರು, ಹೋರಿಗಳ ಬಲಿ ಮಾತ್ರವಲ್ಲ. ಅಮಾವಾಸ್ಯೆ, ವಾರದ ವಿಶ್ರಾಂತಿದಿನವಾದ ಸಬ್ಬತ್ತು, ಸಭೆ, ಕೊನೆಗೆ ಪ್ರಾರ್ಥನೆಯೂ ಆ ಪಟ್ಟಿಯಲ್ಲಿ ಸೇರುತ್ತದೆ. ನೀವು ಕೈಚಾಚಿದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ, ಎಷ್ಟು ಪ್ರಾರ್ಥಿಸಿದರೂ ಕೇಳುವುದಿಲ್ಲ, ನಿಮ್ಮ ಕೈಗಳಲ್ಲಿ ರಕ್ತ ತುಂಬಿದೆ ಎಂಬುದು ಆ ಮಾತು. ಯೆಶಾಯನು ಪ್ರಾರ್ಥನೆಯನ್ನೇ ರದ್ದುಮಾಡಬೇಕೆಂದನು ಎಂದು ಇದುವರೆಗೆ ಯಾರೂ ವಾದಿಸಿದಂತಿಲ್ಲ. ಹಾಗಿದ್ದರೆ ಅದೇ ಪಟ್ಟಿಯಲ್ಲಿರುವ ಯಜ್ಞವನ್ನು ಮಾತ್ರ ರದ್ದುಮಾಡಿದನೆಂದು ಹೇಳುವುದು ಸರಿಯೇ? ಆರನೆಯ ಅಧ್ಯಾಯದಲ್ಲಿ ಅವನಿಗೆ ದರ್ಶನವಾಗುವುದು ದೇವಾಲಯದಲ್ಲಿಯೇ. ಅವನ ತುಟಿಗೆ ಮುಟ್ಟಿಸಿದ ಕೆಂಡವನ್ನು ಇಕ್ಕಳದಿಂದ ತೆಗೆದದ್ದು ಯಜ್ಞವೇದಿಯ ಮೇಲಿಂದ.

ನಿಮ್ಮ ಎರಡನೆಯ ಪ್ರಶ್ನೆಗೆ ಒಂದೇ ಮಾತು: ಒಳಗು, ಹೊರಗು ಎಂಬ ಭೇದ ಇಲ್ಲಿನ ಮುಖ್ಯ ಭೇದವಲ್ಲ. ಯೆಶಾಯನು ಬಲಿಯ ಎದುರಿಗೆ ಇಡುವುದು ಧ್ಯಾನವನ್ನಲ್ಲ. ಅನಾಥನಿಗೆ ನ್ಯಾಯ ಕೊಡಿಸುವುದನ್ನು, ವಿಧವೆಯ ಪರವಾಗಿ ವಾದಿಸುವುದನ್ನು. ಎರಡೂ ಹೊರಗಿನ ಕೆಲಸಗಳೇ.

ಎರಡನೆಯ ಉತ್ತರ

ಮೇಲಿನ ಉತ್ತರದ ಕೊನೆಯ ಮಾತನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯಬೇಕೆಂದು ಬರೆಯುತ್ತಿದ್ದೇನೆ. ಪ್ರವಾದಿಗಳ ಆಕ್ಷೇಪವನ್ನು ತಿಳಿಯಲು, ಯಜ್ಞವೇದಿಯ ಮೇಲೆ ಬಂದ ವಸ್ತು ಎಲ್ಲಿಂದ ಬಂತು ಎಂದು ಕೇಳಬೇಕು. ಆಮೋಸ 2:8ನ್ನು ನೋಡಿರಿ. ಅಡವಿಟ್ಟುಕೊಂಡ ಬಟ್ಟೆಗಳನ್ನು ಹಾಸಿಕೊಂಡು ಒಂದೊಂದು ಯಜ್ಞವೇದಿಯ ಪಕ್ಕದಲ್ಲಿಯೂ ಮಲಗುತ್ತಾರೆ, ದಂಡ ಹಾಕಿ ಪಡೆದ ದ್ರಾಕ್ಷಾರಸವನ್ನು ತಮ್ಮ ದೇವರ ಆಲಯದಲ್ಲಿ ಕುಡಿಯುತ್ತಾರೆ ಎಂದು ಅವನು ಹೇಳುತ್ತಾನೆ. ವಿಮೋಚನಕಾಂಡದ 22ನೆಯ ಅಧ್ಯಾಯದ ವಿಧಿಯಂತೆ ಬಡವನಿಂದ ಅಡವಾಗಿ ತೆಗೆದುಕೊಂಡ ಹೊದಿಕೆಯನ್ನು ಹೊತ್ತು ಮುಳುಗುವಷ್ಟರಲ್ಲಿ ಹಿಂದಕ್ಕೆ ಕೊಡಬೇಕು. ಅವನಿಗಿರುವುದು ಅದೊಂದೇ, ಅದಿಲ್ಲದೆ ಏನು ಹೊದ್ದು ಮಲಗಿಯಾನು ಎಂದು ವಿಧಿಯೇ ಕೇಳುತ್ತದೆ. ಆಮೋಸನ ಚಿತ್ರದಲ್ಲಿ ಸಾಲಗಾರನು ಚಳಿಯಲ್ಲಿ ನಡುಗುತ್ತಿರುವಾಗ, ಸಾಲ ಕೊಟ್ಟವನು ಆ ಹೊದಿಕೆಯ ಮೇಲೆ ಒರಗಿಕೊಂಡು ಬಲಿಯ ಊಟ ಮಾಡುತ್ತಿದ್ದಾನೆ. ಬಲಿ ಶಾಸ್ತ್ರೋಕ್ತವಾಗಿಯೇ ನಡೆದಿರಬಹುದು. ಹಾಸಿಗೆ ಮಾತ್ರ ಇನ್ನೊಬ್ಬನದು.

ಇದು ಕವಿಯ ಉತ್ಪ್ರೇಕ್ಷೆಯಲ್ಲ ಎನ್ನಲು ಒಂದು ಮಡಕೆಯ ಚೂರು ಸಾಕ್ಷಿಯಾಗಿದೆ. ಮೆಡಿಟರೇನಿಯನ್ ಕರಾವಳಿಯಲ್ಲಿ, ಯಾವ್ನೆ ಯಾಮ್ ಬಳಿಯ ಒಂದು ಸಣ್ಣ ಕೋಟೆಯಲ್ಲಿ 1960ರಲ್ಲಿ ದೊರೆತ ಆ ಚೂರಿನ ಮೇಲೆ, ಕ್ರಿಸ್ತಪೂರ್ವ ಏಳನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ ಹೀಬ್ರೂ ಮನವಿಯೊಂದಿದೆ. ಕೊಯ್ಲಿನ ಆಳೊಬ್ಬನು ಅಧಿಕಾರಿಯನ್ನು ಉದ್ದೇಶಿಸಿ ಬರೆಸಿದ್ದು ಅದು. ತಾನು ಕೊಯ್ದು, ಅಳೆದು, ಕಣಜಕ್ಕೆ ಸೇರಿಸಿ ಕೆಲಸ ಮುಗಿಸಿದ್ದರೂ ಶೋಬೈಯ ಮಗನಾದ ಹೋಶಯಾಹು ಎಂಬವನು ಬಂದು ತನ್ನ ಉಡುಪನ್ನು ಕಿತ್ತುಕೊಂಡು ಹೋದನೆಂದೂ, ಬಿಸಿಲಿನಲ್ಲಿ ತನ್ನ ಜೊತೆ ಕೊಯ್ದವರೆಲ್ಲರೂ ತನ್ನ ಪರವಾಗಿ ಸಾಕ್ಷಿ ಹೇಳುವರೆಂದೂ, ತನ್ನ ಉಡುಪನ್ನು ಮರಳಿ ಕೊಡಿಸಬೇಕೆಂದೂ ಅವನು ಬೇಡಿಕೊಳ್ಳುತ್ತಾನೆ. ಆಮೋಸನಿಗಿಂತ ಸುಮಾರು ಒಂದು ಶತಮಾನಕ್ಕೂ ಹೆಚ್ಚು ಕಾಲದ ಅನಂತರದ ಬರಹವಿದು. ಅವನಿಗೆ ಉಡುಪು ಮರಳಿ ದೊರೆಯಿತೇ ಎಂಬುದು ಆ ಚೂರಿನಲ್ಲಿಲ್ಲ. ನಾನು ಆ ಸಾಲುಗಳನ್ನು ಓದಿದಾಗಲೆಲ್ಲ ಆಮೋಸನ ವಾಕ್ಯ ತಾನಾಗಿ ನೆನಪಿಗೆ ಬರುತ್ತದೆ.

ಇಸ್ರಾಯೇಲಿನ ರಾಜಧಾನಿಯಾದ ಸಮಾರ್ಯದ ಸ್ಥಿತಿಯೂ ಹಾಗೆಯೇ. ಆಮೋಸನು ದಂತದ ಮಂಚಗಳನ್ನೂ, ಬಟ್ಟಲುಗಟ್ಟಲೆ ಕುಡಿಯುವ ದ್ರಾಕ್ಷಾರಸವನ್ನೂ, ಶ್ರೇಷ್ಠವಾದ ತೈಲವನ್ನೂ ಹೆಸರಿಸುತ್ತಾನೆ. ಅಲ್ಲಿಯ ಉತ್ಖನನಗಳಲ್ಲಿ ಕೆತ್ತನೆಯ ದಂತದ ತುಣುಕುಗಳು ದೊರೆತಿವೆ. 1910ರಲ್ಲಿ ಸಿಕ್ಕಿದ, ಕ್ರಿಸ್ತಪೂರ್ವ ಎಂಟನೆಯ ಶತಮಾನದ ಲೆಕ್ಕದ ಮಡಕೆಚೂರುಗಳಲ್ಲಿ ರಾಜಧಾನಿಗೆ ಬಂದ ಹಳೆಯ ದ್ರಾಕ್ಷಾರಸದ ಮತ್ತು ಶುದ್ಧ ತೈಲದ ಗಡಿಗೆಗಳ ದಾಖಲೆಯಿದೆ.

ಈ ಹಿನ್ನೆಲೆಯಲ್ಲಿ ಯಾಜಕಕಾಂಡವನ್ನು ಓದಿದರೆ ಪ್ರವಾದಿಗೂ ಯಾಜಕನಿಗೂ ನಾವು ತಿಳಿದಷ್ಟು ದೂರವಿಲ್ಲ. ನೆರೆಯವನನ್ನು ವಂಚಿಸಿದವನು, ಸುಲಿದವನು, ಅಸಲನ್ನೂ ಅದರ ಮೇಲೆ ಐದರಲ್ಲೊಂದು ಪಾಲನ್ನೂ ಯಾರದೋ ಅವರಿಗೆ ಕೊಟ್ಟ ಮೇಲೆಯೇ ಪ್ರಾಯಶ್ಚಿತ್ತದ ಟಗರನ್ನು ತರಬೇಕೆಂದು ಆರನೆಯ ಅಧ್ಯಾಯದ ಆರಂಭ ವಿಧಿಸುತ್ತದೆ. ಟಗರು ಮೊದಲಲ್ಲ, ಮರುಪಾವತಿ ಮೊದಲು. ನ್ಯಾಯವು ನೀರಿನಂತೆ ಹರಿಯಲಿ ಎನ್ನುವ ಅಧ್ಯಾಯದಲ್ಲಿಯೇ 'ಊರಬಾಗಿಲು' ಎಂಬ ಮಾತು ಮೂರು ಸಲ ಬರುವುದನ್ನೂ ಗಮನಿಸಬೇಕು. ಹಿರಿಯರು ಕುಳಿತು ವ್ಯಾಜ್ಯ ತೀರಿಸುತ್ತಿದ್ದ ಸ್ಥಳ ಅದು. ಆಮೋಸನ ಕಣ್ಣು ಬೇತೇಲಿನ ವೇದಿಯಿಂದ ಊರಬಾಗಿಲಿಗೆ, ಊರಬಾಗಿಲಿನಿಂದ ವೇದಿಗೆ ಓಡಾಡುತ್ತಿರುತ್ತದೆ. ಅವನು ಬಳಸಿದ 'ನಹಲ್ ಏತಾನ್' ಎಂಬ ಪದವನ್ನೂ ಇಲ್ಲಿ ನೆನೆಯಬಹುದು: ಆ ನಾಡಿನ ಬಹುಪಾಲು ಹಳ್ಳಗಳು ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಬರಿಯ ಕಲ್ಲಾಗುತ್ತವೆ, ಏತಾನ್ ಎಂದರೆ ವರ್ಷವಿಡೀ ಹರಿಯುವುದು. ಹಬ್ಬಕ್ಕೆ ಮಾತ್ರ ಉಕ್ಕುವ ಧರ್ಮವನ್ನು ಅವನು ಕೇಳಲಿಲ್ಲ.

ಮೂರನೆಯ ಉತ್ತರ

ಮೇಲಿನ ಎರಡು ಉತ್ತರಗಳಿಂದಲೂ ನಾನು ಕಲಿತಿದ್ದೇನೆ. ಆದರೂ ಎಲ್ಲವೂ ಇಷ್ಟು ಚೆನ್ನಾಗಿ ಹೊಂದಿಕೊಂಡಾಗ ನನಗೆ ಭಯವಾಗುತ್ತದೆ. ಪ್ರವಾದಿಗಳು ಯಜ್ಞವನ್ನು ತಿದ್ದಲು ಬಂದವರು ಮಾತ್ರ ಎಂದು ಹೇಳಿಬಿಟ್ಟರೆ, ಅವರ ಕಾಲದವರು ಕೇಳಿಸಿಕೊಂಡ ಸಿಡಿಲನ್ನು ನಾವು ಸಲಹೆಯಾಗಿ ಮಾರ್ಪಡಿಸಿದಂತೆ. ಬೇತೇಲಿನ ಯಾಜಕನಾದ ಅಮಚ್ಯನು ಆಮೋಸನ ಮಾತನ್ನು ಹಾಗೆ ಕೇಳಲಿಲ್ಲ. ದೇಶವು ಇವನ ಮಾತುಗಳನ್ನು ತಾಳಲಾರದು ಎಂದು ಇಸ್ರಾಯೇಲಿನ ರಾಜನಾದ ಎರಡನೆಯ ಯಾರೊಬ್ಬಾಮನಿಗೆ ದೂರು ಕಳುಹಿಸಿದನು. ಇದು ರಾಜನ ಪವಿತ್ರಸ್ಥಾನ, ಇಲ್ಲಿ ಪ್ರವಾದಿಸಬೇಡ, ನಿನ್ನ ನಾಡಾದ ಯೆಹೂದಕ್ಕೆ ಓಡಿಹೋಗಿ ಅಲ್ಲಿ ಹೊಟ್ಟೆ ಹೊರೆದುಕೋ ಎಂದನು. ದೇವರ ಮನೆಯನ್ನು 'ರಾಜನ ಪವಿತ್ರಸ್ಥಾನ' ಎಂದು ಯಾಜಕನೇ ಕರೆದ ಆ ಒಂದು ಮಾತು ಬೇತೇಲಿನ ಇಡೀ ವ್ಯವಸ್ಥೆಯನ್ನು ಬಯಲು ಮಾಡುತ್ತದೆ. ತೆಕೋವದ ಕುರುಬನೂ ಅತ್ತಿಹಣ್ಣು ಕೀಳುವವನೂ ಆದ ಆಮೋಸನಿಗೆ ಆ ವ್ಯವಸ್ಥೆಯಲ್ಲಿ ಯಾವ ಪಾಲೂ ಇರಲಿಲ್ಲ.

ಯೆರೆಮೀಯ 7:22ನ್ನೂ ಯಾರೂ ಮುಟ್ಟಿಲ್ಲ. ನಿಮ್ಮ ಪಿತೃಗಳನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಹೊರಗೆ ಕರೆತಂದಾಗ ಹೋಮ, ಬಲಿಗಳ ವಿಷಯವಾಗಿ ನಾನು ಅವರೊಂದಿಗೆ ಮಾತಾಡಲೂ ಇಲ್ಲ, ಆಜ್ಞಾಪಿಸಲೂ ಇಲ್ಲ ಎಂದು ಅಲ್ಲಿದೆ. ಇದನ್ನು ಹೋಲಿಕೆಯೆಂದು ತಿಳಿಯಲು ಬರುವುದಿಲ್ಲ. ಅರಣ್ಯದ ನಲವತ್ತು ವರ್ಷ ನನಗೆ ಬಲಿಗಳನ್ನು ತಂದಿರೋ ಎಂಬ ಆಮೋಸನ ಪ್ರಶ್ನೆಯನ್ನೂ ಇದರ ಪಕ್ಕದಲ್ಲಿ ಇಟ್ಟರೆ, ಬಲಿಗಳಿಲ್ಲದ ಒಂದು ಅರಣ್ಯಕಾಲದ ನೆನಪು ಇವರಲ್ಲಿ ಇದ್ದಿತೆಂದು ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ವೆಲ್‌ಹೌಸನ್, ಯಾಜಕವಿಧಿಗಳು ಈ ಪ್ರವಾದಿಗಳ ಕಾಲಕ್ಕೆ ಇನ್ನೂ ಬರಹಕ್ಕೆ ಇಳಿದಿರಲಿಲ್ಲವೆಂದು ತೀರ್ಮಾನಿಸಿದ್ದಕ್ಕೆ ಇಂಥ ವಾಕ್ಯಗಳೂ ಆಧಾರವಾದವು. ಆ ಕಾಲಗಣನೆಯನ್ನು ಇಂದಿಗೂ ಎಲ್ಲರೂ ಒಪ್ಪಿಲ್ಲ. ನನಗೂ ಅದರಲ್ಲಿ ಸಂದೇಹಗಳಿವೆ. ಕನಿಷ್ಠಪಕ್ಷ ಇಷ್ಟನ್ನು ಹೇಳಬಹುದು: ಸೀನಾಯಿ ಬೆಟ್ಟದಲ್ಲಿ ಕೊಟ್ಟ ಹತ್ತು ಆಜ್ಞೆಗಳಲ್ಲಿ ಬಲಿ ಕೊಡಬೇಕೆಂಬ ಆಜ್ಞೆಯಿಲ್ಲ, ಮತ್ತು ಯೆರೆಮೀಯನು ಅದೇ ಪ್ರಸಂಗದಲ್ಲಿ ಎಣಿಸುವ ಕಳವು, ಕೊಲೆ, ವ್ಯಭಿಚಾರ, ಸುಳ್ಳಾಣೆಗಳು ಆ ಹತ್ತರಿಂದಲೇ ಬಂದವು.

ಯೆರೆಮೀಯ 7:22ರ ಹಿಂದಿನ ವಾಕ್ಯದ ಕಟುತನವನ್ನು ಅವಸರದಲ್ಲಿ ಓದುವವರು ಗಮನಿಸುವುದಿಲ್ಲ. ಸರ್ವಾಂಗಹೋಮವೆಂದರೆ ಪೂರ್ತಿಯಾಗಿ ಬೆಂಕಿಗೆ ಹೋಗತಕ್ಕದ್ದು, ಅದರ ಮಾಂಸವನ್ನು ಮನುಷ್ಯರು ತಿನ್ನುವಂತಿಲ್ಲ. ಸಮಾಧಾನಯಜ್ಞದ ಬಲಿಗಳಲ್ಲಿ ಮನೆಯವರಿಗೂ ಪಾಲುಂಟು. ಹೋಮವನ್ನೂ ಬಲಿಯ ಜೊತೆಗೆ ಸೇರಿಸಿ ಮಾಂಸವನ್ನೆಲ್ಲ ನೀವೇ ತಿಂದುಬಿಡಿರಿ ಎಂದು ದೇವರು ಅಲ್ಲಿ ಹೇಳುತ್ತಾನೆ. ನನ್ನ ಪಾಲೂ ನಿಮಗೇ ಇರಲಿ, ನನಗೆ ಬೇಡ ಎಂದಂತೆ. ಅದೇ ಅಧ್ಯಾಯದಲ್ಲಿ ಆಲಯವನ್ನು ಕುರಿತ 'ಕಳ್ಳರ ಗವಿ' ಎಂಬ ಮಾತೂ ಹಾಗೆಯೇ: ಕಳ್ಳರು ಗವಿಯಲ್ಲಿ ಕದಿಯುವುದಿಲ್ಲ, ಬೇರೆಲ್ಲೋ ಕದ್ದು ಬಂದು ಗವಿಯಲ್ಲಿ ಅಡಗಿಕೊಳ್ಳುತ್ತಾರೆ. ಜೆರುಸಲೇಮಿನ ಆಲಯ ಅವರಿಗೆ ಆಶ್ರಯವಾಗಿದೆ ಎಂಬುದು ಆರೋಪ. ಯೆಹೂದದ ರಾಜ ಯೆಹೋಯಾಕೀಮನ ಆಳ್ವಿಕೆಯ ಆರಂಭದಲ್ಲಿ, ಕ್ರಿಸ್ತಪೂರ್ವ 609ರ ಸುಮಾರಿಗೆ, ಹೀಗೆ ಹೇಳಿದ್ದಕ್ಕೆ ಯೆರೆಮೀಯನಿಗೆ ಮರಣದಂಡನೆಯನ್ನು ಕೇಳಲಾಯಿತು. ಹಿಂದೆ ಮೀಕನೂ ಜೆರುಸಲೇಮಿನ ಚೀಯೋನು ಹೊಲದಂತೆ ಉಳಲ್ಪಡುವುದೆಂದು ಹೇಳಿದ್ದನು, ಆಗಿನ ರಾಜ ಹಿಜ್ಕೀಯನು ಅವನನ್ನು ಕೊಲ್ಲಲಿಲ್ಲ ಎಂದು ದೇಶದ ಹಿರಿಯರು ನೆನಪಿಸಿದರು, ಯೆರೆಮೀಯನು ಉಳಿದನು. ಹಾಗೆಯೇ ಮಾತಾಡಿದ ಊರೀಯನೆಂಬ ಇನ್ನೊಬ್ಬ ಪ್ರವಾದಿ ಐಗುಪ್ತಕ್ಕೆ ಓಡಿಹೋಗಿದ್ದರೂ ಅವನನ್ನು ಅಲ್ಲಿಂದ ಹಿಡಿದು ತಂದು ಕೊಂದರು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞನಾಗಿದ್ದೇನೆ. ಅಡವಿನ ಬಟ್ಟೆಯ ವಾಕ್ಯವನ್ನು ಯಜ್ಞದ ಪ್ರಶ್ನೆಯೊಂದಿಗೆ ಕೂಡಿಸಿ ನಾನು ಎಂದೂ ಓದಿರಲಿಲ್ಲ. ಒಂದು ಸಂಶಯ ಮಾತ್ರ ಉಳಿದಿದೆ. ಕುರುಡು, ಕುಂಟು ಪಶುಗಳನ್ನು ಅರ್ಪಿಸಿದ್ದಕ್ಕೆ ಮಲಾಕಿಯು ಯಾಜಕರನ್ನು ಗದರಿಸುತ್ತಾನೆ, ಆಲಯವನ್ನು ಕಟ್ಟಿರೆಂದು ಹಗ್ಗಾಯನು ಒತ್ತಾಯಿಸುತ್ತಾನೆ. ಬಾಬೆಲಿನ ಸೆರೆಯಿಂದ ಮರಳಿದ ಮೇಲೆ ಪ್ರವಾದಿಗಳ ದನಿಯೇ ಬದಲಾಯಿತೇ?

ನಾಲ್ಕನೆಯ ಉತ್ತರ

ದನಿ ಬದಲಾಯಿತೆಂಬುದು ನಿಜ, ಏಕೆಂದರೆ ಸನ್ನಿವೇಶ ಬದಲಾಗಿತ್ತು. ಹಗ್ಗಾಯನು ಮಾತಾಡಿದ ಕ್ರಿಸ್ತಪೂರ್ವ 520ರಲ್ಲಿ ಆಲಯ ಹಾಳುಬಿದ್ದಿತ್ತು, ಜನರು ತಮ್ಮ ಮನೆಗಳಿಗೆ ಹಲಗೆ ಹೊದಿಸಿಕೊಳ್ಳುತ್ತಿದ್ದರು. ಮಲಾಕಿಯ ಕಾಲದ ತಪ್ಪು ಆಮೋಸನ ಕಾಲದ ತಪ್ಪಲ್ಲ: ಅಲ್ಲಿ ಪರರದನ್ನು ಕಿತ್ತು ದೇವರಿಗೆ ಕೊಬ್ಬಿದ್ದನ್ನು ಕೊಟ್ಟರು, ಇಲ್ಲಿ ತಮಗೆ ಬೇಡವಾದದ್ದನ್ನು ದೇವರಿಗೆ ದಾಟಿಸಿದರು. ಇಂಥ ಪಶುವನ್ನು ನಿಮ್ಮ ದೇಶಾಧಿಪತಿಗೆ ಕೊಟ್ಟುನೋಡಿರಿ, ಒಪ್ಪುವನೇ ಎಂದು ಅವನು ಕೇಳುತ್ತಾನೆ. ಹಾಗೆ ಕೇಳಿದ ಮಲಾಕಿಯೇ ಮೂರನೆಯ ಅಧ್ಯಾಯದಲ್ಲಿ ಕೂಲಿಯವನ ಕೂಲಿಯನ್ನು ಹಿಡಿದವರ ಮೇಲೂ, ವಿಧವೆ, ಅನಾಥ, ಪರದೇಶಿಗಳನ್ನು ಪೀಡಿಸುವವರ ಮೇಲೂ ದೇವರೇ ಸಾಕ್ಷಿಯಾಗಿ ನಿಲ್ಲುವನೆಂದು ಹೇಳಿದ್ದಾನೆ.

ಆದರೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು ಜೆಕರ್ಯನ ಏಳನೆಯ ಅಧ್ಯಾಯ. ಪರ್ಷಿಯದ ರಾಜ ದಾರ್ಯಾವೆಷನ ನಾಲ್ಕನೆಯ ವರ್ಷದಲ್ಲಿ, ಅಂದರೆ ಕ್ರಿಸ್ತಪೂರ್ವ 518ರಲ್ಲಿ, ಶುದ್ಧವಾದ ಶಾಸ್ತ್ರಪ್ರಶ್ನೆಯೊಂದು ಯಾಜಕರ ಮತ್ತು ಪ್ರವಾದಿಗಳ ಮುಂದೆ ಬಂತು: ಇಷ್ಟು ವರ್ಷ ಮಾಡಿದಂತೆ ಐದನೆಯ ತಿಂಗಳಲ್ಲಿ ನಾವು ಅತ್ತು ಉಪವಾಸವಿರಬೇಕೇ? ಐದನೆಯ ತಿಂಗಳೆಂದರೆ ಆಲಯ ಸುಟ್ಟ ತಿಂಗಳು. ಈಗ ಹೊಸ ಆಲಯ ಏಳುತ್ತಿರುವುದರಿಂದ ಆ ಪ್ರಶ್ನೆ ಸಹಜವಾದದ್ದು. ಜೆಕರ್ಯನು ಆಗಲೇ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆ ಎಪ್ಪತ್ತು ವರ್ಷ ನೀವು ಉಪವಾಸವಿದ್ದದ್ದು ನನಗಾಗಿಯೋ ಎಂದು ದೇವರ ಹೆಸರಿನಲ್ಲಿ ಕೇಳಿ, ಸತ್ಯವಾದ ನ್ಯಾಯವನ್ನು ತೀರಿಸಿರಿ, ಒಬ್ಬರಿಗೊಬ್ಬರು ಹೆಸೆದ್ ತೋರಿಸಿರಿ ಎಂದು ಹಿಂದಿನ ಪ್ರವಾದಿಗಳ ಮಾತನ್ನೇ ಅವರ ಮುಂದಿಟ್ಟನು. ಉಪವಾಸದ ದಿನಗಳು ಹರ್ಷದ ಹಬ್ಬಗಳಾಗುವುವೆಂಬ ನೇರವಾದ ಉತ್ತರ ಬರುವುದು ಮುಂದಿನ ಅಧ್ಯಾಯದಲ್ಲಿ, ಅದೂ ನೆರೆಯವನೊಂದಿಗೆ ಸತ್ಯವನ್ನೇ ಆಡಿರಿ, ಊರಬಾಗಿಲಲ್ಲಿ ಸಮಾಧಾನವನ್ನು ಉಂಟುಮಾಡುವ ನ್ಯಾಯವನ್ನು ತೀರಿಸಿರಿ ಎಂದ ಮೇಲೆ.

ಉಪವಾಸದ ವಿಷಯ ಬಂದದ್ದರಿಂದ ಇನ್ನೊಂದು ಸಂಗತಿ. ಯೆಶಾಯನ 58ನೆಯ ಅಧ್ಯಾಯವು ಉಪವಾಸದ ದಿನವೂ ಆಳುಗಳನ್ನು ಹಿಂಸಿಸಿ ದುಡಿಸುವವರನ್ನು ಖಂಡಿಸಿ, ಹಸಿದವನಿಗೆ ನಿನ್ನ ರೊಟ್ಟಿಯನ್ನು ಮುರಿದು ಕೊಡುವುದೇ ನಾನು ಆರಿಸಿಕೊಂಡ ಉಪವಾಸ ಎನ್ನುತ್ತದೆ. ಯೆಹೂದ್ಯರು ಅದನ್ನು ಸಭಾಮಂದಿರದಲ್ಲಿ ಓದಲು ಆರಿಸಿಕೊಂಡ ದಿನ ಯಾವುದೆಂದರೆ ಯೋಮ್ ಕಿಪ್ಪೂರ್, ವರ್ಷದ ಅತಿ ಕಠಿಣವಾದ ಉಪವಾಸದ ದಿನ. ಅನ್ನನೀರು ಮುಟ್ಟದೆ ನಿಂತ ಸಭೆ ಅಂದು ಬೆಳಗ್ಗೆ ಅದನ್ನು ಕೇಳಿಸಿಕೊಳ್ಳುತ್ತದೆ, ಮತ್ತು ಉಪವಾಸವನ್ನು ಸಂಜೆಯವರೆಗೆ ಮುಂದುವರಿಸುತ್ತದೆ.