ಐಸಿಯು ನರ್ಸ್ ಅವರನ್ನು ಕೇಳಿ: ಪ್ಯಾಲಿಯೇಟಿವ್ ಕೇರ್ (ಗ್ರೂಪ್ ಸದಸ್ಯರ ಪ್ರಶ್ನೋತ್ತರ)

ಒಬ್ಬ ಮಗಳು: ಸಿಸ್ಟರ್, ಅಮ್ಮ ವೆಂಟಿಲೇಟರ್‌ನಲ್ಲಿದ್ದಾರೆ. ಪ್ಯಾಲಿಯೇಟಿವ್ ಟೀಮ್ ಕರೆಸುತ್ತೇವೆ ಅಂದರು. ಕೈಬಿಟ್ಟರು ಅಂತಾನಾ?

ನರ್ಸ್: ಇಲ್ಲಮ್ಮ. ಚಿಕಿತ್ಸೆ ನಡೆಯುತ್ತಿರುವಾಗಲೇ ಅವರೂ ಬರುತ್ತಾರೆ. ನೋವು, ಉಸಿರಾಟದ ಕಷ್ಟ, ಗಾಬರಿ ಕಡಿಮೆ ಮಾಡುವುದು ಅವರ ಕೆಲಸ.

ಹೊಸ ನರ್ಸ್: ಅಕ್ಕಾ, ರೋಗಿಯ ಮಗ ದಿನಾ ‘ಅಪ್ಪ ಉಳೀತಾರಾ?’ ಅಂತ ನನ್ನನ್ನೇ ಕೇಳುತ್ತಾರೆ. ಡಾಕ್ಟರನ್ನು ಕೇಳಿ ಅಂದು ಜಾರಿಕೊಳ್ಳುತ್ತೇನೆ. ಸರೀನಾ?

ನರ್ಸ್: ಉಳಿಯುತ್ತಾರೋ ಇಲ್ಲವೋ ಎಂದು ಹೇಳಬೇಕಾದವರು ಡಾಕ್ಟರೇ. ಆದರೆ ಮಾತು ಅಲ್ಲಿಗೇ ನಿಲ್ಲಿಸಬೇಡ. ‘ಡಾಕ್ಟರ್ ಏನು ಹೇಳಿದರು? ನಿಮಗೆ ಏನು ಅರ್ಥವಾಯಿತು?’ ಎಂದು ಕೇಳು. ಆಮೇಲೆ ಸುಮ್ನೆ ಕೇಳಿಸಿಕೋ. ಅಪ್ಪ ಎಂಥವರು, ಇಂಥ ಸ್ಥಿತಿ ಬಂದರೆ ಏನು ಬೇಕು, ಏನು ಬೇಡ ಎಂದು ಯಾವತ್ತಾದರೂ ಹೇಳಿದ್ದರಾ? ಇಂಥ ಮಾತು ಹಾಸಿಗೆ ಪಕ್ಕದಲ್ಲೇ ಬಾಯಿಗೆ ಬರುವುದು. ಬರೆದಿಡು, ಡಾಕ್ಟರಿಗೆ ತಿಳಿಸು. ಮನೆಯವರ ಜೊತೆ ಡಾಕ್ಟರ್ ಮಾತಾಡುವಾಗ ನೀನೂ ಕೂರು. ಆ ಹೊತ್ತಿನಲ್ಲಿ ಹೇಳಿದ್ದು ಅರ್ಧವೂ ತಲೆಗೆ ಹೋಗಿರುವುದಿಲ್ಲ. ಆಮೇಲೆ ಹೋಗಿ ಮತ್ತೆ ವಿಚಾರಿಸು.

ಅಮೆರಿಕದ 5 ಐಸಿಯುಗಳಲ್ಲಿ 1,420 ರೋಗಿಗಳನ್ನು ಸೇರಿಸಿಕೊಂಡ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ತರಬೇತಾದ ನರ್ಸ್‌ಗಳು ಮನೆಯವರನ್ನು ದಿನಾ ಕಂಡು ಮಾತಾಡಿದರು. ಮನೆಯವರ ಸಂಕಟವೇನೂ ಇಳಿಯಲಿಲ್ಲ. ಆದರೆ ತಮ್ಮ ಜೊತೆ ಚೆನ್ನಾಗಿ ಮಾತಾಡಿದರು ಎಂದು ಅವರಿಗೆ ಅನಿಸಿತು. ನನಗೆ ಇದು ಸಣ್ಣ ವಿಷಯ ಅನಿಸುವುದಿಲ್ಲ.

ಸದಸ್ಯರು: ಫಾರ್ವರ್ಡ್ ಬಂದಿದೆ. ಎಲೆ ರಸವನ್ನು ಮೂಗಿನ ಟ್ಯೂಬಿಗೆ ಹಾಕಿದರೆ ಶ್ವಾಸಕೋಶ ಕ್ಲೀನ್ ಆಗುತ್ತದಂತೆ.

ನರ್ಸ್: ಹಾಕಬೇಡಿ! ಆ ಟ್ಯೂಬ್ ಹೋಗುವುದು ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ. ಟ್ಯೂಬ್ ಕಟ್ಟಿಕೊಳ್ಳಬಹುದು. ವಾಂತಿಯಾಗಿ ರಸ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ನಮ್ಮ ಕಣ್ಣು ತಪ್ಪಿಸಿ ಹಾಕುವವರಿದ್ದಾರೆ, ಅದಕ್ಕೇ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಇನ್ನೊಬ್ಬರು: ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರಂತೆ?

ನರ್ಸ್: ನೋವಿಗೆ, ಉಸಿರಾಟದ ಕಷ್ಟಕ್ಕೆ ತಕ್ಕಷ್ಟು ಅಳೆದು ಕೊಟ್ಟರೆ ಇಲ್ಲ.

ಹಿರಿಯ ಸದಸ್ಯರು: ಏನೇ ಆಗಲಿ, ರೋಗಿಗೆ ನಿಜ ಹೇಳಬಾರದು. ಧೈರ್ಯ ಕುಗ್ಗುತ್ತದೆ.

ಒಬ್ಬ ತಂಗಿ: ನಮ್ಮಣ್ಣನಿಗೂ ಯಾರೂ ಹೇಳಲಿಲ್ಲ. ಮಕ್ಕಳ ಹತ್ತಿರ ಮಾತಾಡದೇ ಹೋದ.

ಹಿರಿಯ ಸದಸ್ಯರು: ನಿಮ್ಮ ಮನೆಯದ್ದು ಎಲ್ಲರಿಗೂ ಅನ್ವಯಿಸಲ್ಲ.

ಒಬ್ಬ ತಂಗಿ: ನಿಮ್ಮ ಭಯವೂ ಅಷ್ಟೇ ಅಲ್ವಾ?

ಹಿರಿಯ ಸದಸ್ಯರು: ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡಿ.

ನರ್ಸ್: ಇಬ್ಬರೂ ಸಾಕು ಮಾಡಿ. ಎಚ್ಚರವಿರುವ ರೋಗಿಯನ್ನೇ ಕೇಳಬೇಕು, ಎಷ್ಟು ತಿಳಿಯಲು ಇಷ್ಟ ಎಂದು. ತೀರ್ಮಾನ ಅವರದು.

ಮತ್ತೊಬ್ಬರು: ಮಾರ್ಫಿನ್ ಅಪಾಯ ಅಂತ ಓದಿದೆ?

ನರ್ಸ್: ಮೇಲೆ ಹೇಳಿದ್ದೇನೆ. ಓದಿ.

ಹೊಸ ನರ್ಸ್: ಅಕ್ಕಾ, ನಾನು ಹೇಳಿದ ಆ ರೋಗಿಗೆ ಮಾತಾಡಲು ಆಗಲ್ಲ. ನೋವಿದೆಯಾ ಅಂತ ಮಗ ಕೇಳಿದರೆ?

ನರ್ಸ್: ಹುಬ್ಬು ಗಂಟಾಗಿದೆಯಾ, ಕೈಕಾಲು ಒದ್ದಾಡುತ್ತಿವೆಯಾ, ಮೈ ಬಿಗಿಯಾಗಿದೆಯಾ, ವೆಂಟಿಲೇಟರ್ ಜೊತೆ ಉಸಿರು ಹೊಂದುತ್ತಿದೆಯಾ ನೋಡು. ಈ ನಾಲ್ಕಕ್ಕೂ ಅಂಕ ಕೊಡುವ ಪದ್ಧತಿ ಇದೆ, ಸಿಪಿಒಟಿ ಅಂತ. ಕಂಡದ್ದನ್ನು ಮಗನಿಗೂ ತೋರಿಸು. ನೋವು ಕಂಡರೆ ಡಾಕ್ಟರಿಗೆ ಆಗಲೇ ಹೇಳು, ರೌಂಡ್ಸ್ ತನಕ ಕಾಯಬೇಡ.